ಸೈಕಲ್ ಪೋಲೊಗೆ ಸೈಕಲ್ ಸಜ್ಜುಗೊಳಿಸುವ ಬಗೆ: ಹಲ್ಲಿನ ಲೆಕ್ಕ, ಎಡಗೈ ಬ್ರೇಕು ಮತ್ತು ಉಳಿದದ್ದು

ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಸೈಕಲ್ ಆಟವೆಂದರೆ ರಸ್ತೆಯ ಓಟ. ಜಾತ್ರೆಗೆ ಸೈಕಲ್ ಸ್ಪರ್ಧೆ ಇಡುವ ಊರುಗಳು ಇಲ್ಲಿ ಅನೇಕ ಇವೆ. ಇಲ್ಲಿನ ಕ್ರೀಡಾ ವಸತಿ ನಿಲಯಗಳಲ್ಲಿ ಬೆಳೆದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ಬಂದಿದ್ದಾರೆ. ಆ ಓಟದಲ್ಲಿ ನಾವೆಲ್ಲ ಕಲಿತ ಪಾಠವೆಂದರೆ ಪೆಡಲಿನ ಬಳಿಯ ಹಲ್ಲುಚಕ್ರ, ಅಂದರೆ ಮುಂದಿನ ಚೈನ್‌ವೀಲ್ ದೊಡ್ಡದಿರಬೇಕು, ಹಿಂದಿನ ಗಾಲಿಯ ಹಲ್ಲುಚಕ್ರ, ಅಂದರೆ ಫ್ರೀವೀಲ್ ಚಿಕ್ಕದಿರಬೇಕು, ಒಮ್ಮೆ ಹಿಡಿದ ವೇಗವನ್ನು ಬಿಡಬಾರದು. ಸೈಕಲ್ ಮೇಲೆ ಕುಳಿತು ಕೋಲಿನಿಂದ ಚೆಂಡು ಹೊಡೆದು ಗೋಲು ಗಳಿಸುವ ಪೋಲೊ ಆಡಲು ಬರುವವರು ಈ ಪಾಠವನ್ನು ಅಂಗಳದ ಹೊರಗೆ ಇಟ್ಟು ಬರಬೇಕಾಗುತ್ತದೆ, ಏಕೆಂದರೆ ಇಲ್ಲಿ ಹಿಡಿದ ವೇಗವನ್ನು ಉಳಿಸಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಐದಾರು ಸೆಕೆಂಡು ಓಡಿ, ನಿಂತು, ಮಗ್ಗುಲಾಗಿ ತಿರುಗಿ, ನಿಂತಲ್ಲಿಂದಲೇ ಮತ್ತೆ ಹೊರಡಬೇಕು. ಪೋಲೊ ಸೈಕಲ್ಲಿನ ಗುಣವನ್ನು ಅದರ ಮೊದಲ ಮೂರು ತುಳಿತಗಳಲ್ಲಿ ಅಳೆಯಬೇಕೆಂಬುದು ಹಲವು ವರ್ಷ ರಸ್ತೆಯಲ್ಲಿ ಓಡಿ ಆಮೇಲೆ ಈ ಆಟಕ್ಕೆ ಬಂದ ನನ್ನ ಖಚಿತ ಅಭಿಪ್ರಾಯವಾಗಿದ್ದು, ಮುಂದೆ ಹೇಳುವ ಮಾತುಗಳೆಲ್ಲ ಆ ಅಳತೆಯನ್ನೇ ಹಿಡಿದು ಹೊರಟಿವೆ.

ಮೊದಲು ಎಂಥ ನೆಲದಲ್ಲಿ ಆಡುತ್ತೀರಿ ಎಂಬುದನ್ನು ನಿರ್ಧರಿಸಿಕೊಳ್ಳಿ. 1891ರಲ್ಲಿ ಐರ್ಲೆಂಡಿನ ವಿಕ್ಲೊ ಕೌಂಟಿಯಲ್ಲಿ ರಿಚರ್ಡ್ ಮೆಕ್ರೆಡಿ ಎಂಬವರು ಆರಂಭಿಸಿ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಆಟವಾಗಿ ಕಾಣಿಸಿಕೊಂಡ ಸೈಕಲ್ ಪೋಲೊ ಹುಲ್ಲಿನ ಮೈದಾನದ ಆಟ. ನಮ್ಮ ದೇಶದಲ್ಲಿ ಸೇನೆಯ ತಂಡಗಳೂ ಸೇರಿದಂತೆ ಹಲವು ತಂಡಗಳು ಇಂದಿಗೂ ಆಡುವುದು ಈ ರೂಪವನ್ನೇ. ಇದರ ಮೈದಾನ ಸುಮಾರು 150 ಮೀಟರ್ ಉದ್ದವಿರುವುದರಿಂದ ಚೆಂಡಿನ ಹಿಂದೆ ದೂರ ಓಡುವ ಪ್ರಸಂಗಗಳು ಬರುತ್ತವೆ. ಇನ್ನೊಂದು ರೂಪ 2000ದ ಆಸುಪಾಸಿನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಳೆದ ಗಟ್ಟಿನೆಲದ ಪೋಲೊ. ಇದರಲ್ಲಿ ತಂಡಕ್ಕೆ ಮೂವರು ಆಟಗಾರರು. ಕಾಲು ನೆಲಕ್ಕೆ ತಾಗಿದರೆ ಅಂಗಳದ ನಡುಗೆರೆಯ ಬಳಿ ಗೊತ್ತುಪಡಿಸಿದ ಜಾಗವನ್ನು ಕೋಲಿನಿಂದ ಮುಟ್ಟಿ ಬಂದ ನಂತರವೇ ಮತ್ತೆ ಚೆಂಡನ್ನು ಆಡಬೇಕು. ಹುಲ್ಲಿನ ದೊಡ್ಡ ಮೈದಾನ ನಮ್ಮ ಕಡೆ ಅಪರೂಪ, ಆದರೆ ಶಾಲೆ ಕಾಲೇಜುಗಳ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳ ಬಾಗಲಕೋಟೆಯ ನವನಗರದಂತಹ ಕಡೆಗಳಲ್ಲಿ ಸಿಗುತ್ತದೆ. ಅಂಥ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ ಮಾತ್ರ ಇರುವುದರಿಂದ, ಸುಮಾರು 40 ಮೀಟರ್ ಉದ್ದದ ಅಂಗಳಕ್ಕೆಂದು ಹೊರದೇಶದ ಆಟಗಾರರು ಆರಿಸುವ ಗೇರಿಗಿಂತಲೂ (ಮುಂದಿನ ಮತ್ತು ಹಿಂದಿನ ಹಲ್ಲುಗಳ ಅನುಪಾತಕ್ಕಿಂತಲೂ) ತುಸು ಹಗುರವಾದದ್ದೇ ನಮಗೆ ಒಪ್ಪುತ್ತದೆ.

ಗೇರಿನ ಲೆಕ್ಕ ಮಾಡುವುದು

ಲೆಕ್ಕ ಕಠಿಣವಲ್ಲ. ಚೈನ್‌ವೀಲಿನ ಒಂದು ಹಲ್ಲಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಸುತ್ತಲೂ ಎಣಿಸಿ, ಫ್ರೀವೀಲಿನಲ್ಲೂ ಹಾಗೆಯೇ ಮಾಡಿ, ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆ ಎಂಬುದು ತಿಳಿಯುತ್ತದೆ. ಅದನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ಒಂದು ತುಳಿತಕ್ಕೆ, ಅಂದರೆ ಪೆಡಲಿನ ಒಂದು ಪೂರ್ಣ ಸುತ್ತಿಗೆ, ಸೈಕಲ್ ಸಾಗುವ ದೂರ ಸಿಗುತ್ತದೆ. ಸುತ್ತಳತೆಯನ್ನು ಪಟ್ಟಿಯಲ್ಲಿ ಹುಡುಕುವ ಬದಲು, ಟೈರಿಗೆ ಗಾಳಿ ತುಂಬಿ, ವಾಲ್ವ್ ನೆಲದ ಕಡೆಗಿರುವಾಗ ಒಂದು ಗೆರೆ, ಸೈಕಲ್ಲನ್ನು ತಳ್ಳಿ ವಾಲ್ವ್ ಮತ್ತೆ ಕೆಳಗೆ ಬಂದಾಗ ಇನ್ನೊಂದು ಗೆರೆ ಎಳೆದು ನಡುವಿನ ದೂರವನ್ನು ಟೇಪಿನಿಂದ ಅಳೆಯುವುದು ಉತ್ತಮ. ಹಾಗೆ ಅಳೆಯುವಾಗ ಆಡುವವರೇ ಸೈಕಲ್ ಮೇಲೆ ಕುಳಿತಿದ್ದರೆ ಅಳತೆ ಇನ್ನೂ ನಿಖರವಾಗುತ್ತದೆ.

ಹಾಲಿನ ಕ್ಯಾನು ಹೊರುವ 28 ಇಂಚಿನ ಕರಿ ಸೈಕಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಹಲ್ಲುಗಳಿರುತ್ತವೆ. ಗಾಲಿಯ ಸುತ್ತಳತೆ ಸುಮಾರು 2.24 ಮೀಟರ್. 44ನ್ನು 18ರಿಂದ ಭಾಗಿಸಿದರೆ 2.44, ಒಂದು ತುಳಿತಕ್ಕೆ ಸುಮಾರು 5.5 ಮೀಟರ್. ಬಾಸ್ಕೆಟ್‌ಬಾಲ್ ಅಂಗಳದ ಉದ್ದ ಐದು ತುಳಿತಕ್ಕೇ ಮುಗಿದುಹೋಗುತ್ತದೆ, ಅಷ್ಟರೊಳಗೆ ಕಾಲು ಇನ್ನೂ ಸೈಕಲ್ಲನ್ನು ಎಬ್ಬಿಸುವ ಕೆಲಸದಲ್ಲೇ ಇರುತ್ತದೆ. ಇನ್ನು 26 ಇಂಚಿನ ಗಾಲಿಗೆ 1.75 ಇಂಚಿನ ಟೈರು ಹಾಕಿ, ಮುಂದೆ 32, ಹಿಂದೆ 22 ಹಲ್ಲು ಇಟ್ಟರೆ ಅನುಪಾತ 1.45, ಸುತ್ತಳತೆ 2.02 ಮೀಟರ್ ಆದ್ದರಿಂದ ಒಂದು ತುಳಿತಕ್ಕೆ 2.9 ಮೀಟರಿನಷ್ಟು. ನಿಮಿಷಕ್ಕೆ 100 ಸುತ್ತು ತುಳಿದರೆ ಗಂಟೆಗೆ ಸುಮಾರು 17.6 ಕಿಲೋಮೀಟರ್, 120 ಸುತ್ತಿಗೆ 21 ಕಿಲೋಮೀಟರ್ ವೇಗ ಸಿಗುತ್ತದೆ. ರಸ್ತೆಯಲ್ಲಿ ಓಡಿದವರಿಗೆ ಈ ಸಂಖ್ಯೆ ಕಡಿಮೆ ಎನಿಸಬಹುದು, ಆದರೆ ಸಣ್ಣ ಅಂಗಳದಲ್ಲಿ ಎದುರಾಳಿಯ ಮಗ್ಗುಲಲ್ಲಿ ಚೆಂಡನ್ನು ಕಾಯ್ದುಕೊಂಡು ಹೋಗುವಾಗ ಇದಕ್ಕಿಂತ ಹೆಚ್ಚಿನ ವೇಗ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿಲ್ಲ.

ಸಿಮೆಂಟಿನ ಸಣ್ಣ ಅಂಗಳಕ್ಕೆ ಒಂದು ತುಳಿತಕ್ಕೆ 2.8ರಿಂದ 3.3 ಮೀಟರ್, 40 ಮೀಟರಿನಷ್ಟು ಉದ್ದದ ಅಂಗಳಕ್ಕೆ 3.1ರಿಂದ 3.6 ಮೀಟರ್ ನನ್ನ ಶಿಫಾರಸು. ಹುಲ್ಲಿನ ಅಥವಾ ಗರಸಿನ ದೊಡ್ಡ ಮೈದಾನದಲ್ಲಿ 3.7ರಿಂದ 4.3 ಮೀಟರಿನವರೆಗೆ ಹೋಗಬಹುದು. ಅದಕ್ಕೂ ಮೇಲೆ ಹೋಗುವ ಆಸೆ ಬಂದರೆ ಹುಲ್ಲು ಗಾಲಿಯನ್ನು ಎಷ್ಟು ಹಿಡಿದೆಳೆಯುತ್ತದೆ ಎಂಬುದನ್ನು ಮೊದಲು ತುಳಿದು ನೋಡಿ. ಎರಿ ಮಣ್ಣಿನ ನೆಲದ ಬಗೆಗೆ ಹೇಳುವುದಾದರೆ, ಒಂದು ಮಳೆ ಬಿದ್ದ ಮೇಲೆ ಆ ಮಣ್ಣು ಗಾಲಿಗೂ ಬ್ರೇಕಿಗೂ ಮೆತ್ತಿಕೊಂಡು ಯಾವ ಗೇರನ್ನೂ ನಡೆಯಗೊಡುವುದಿಲ್ಲ. ಅಂಥ ದಿನ ಆಡದಿರುವುದೇ ಸರಿ.

ಹಲ್ಲುಗಳನ್ನು ಎಲ್ಲಿ ಬದಲಿಸಬೇಕು

ಅನುಪಾತವನ್ನು ಇಳಿಸಲು ಹಿಂದಿನ ಫ್ರೀವೀಲನ್ನು ದೊಡ್ಡದು ಮಾಡಬಹುದು, ಮುಂದಿನ ಚೈನ್‌ವೀಲನ್ನು ಚಿಕ್ಕದು ಮಾಡಬಹುದು. ಫ್ರೀವೀಲ್ ಬದಲಿಸುವುದು ಅಗ್ಗ ಮತ್ತು ಸುಲಭ. 20 ಅಥವಾ 22 ಹಲ್ಲಿನದನ್ನು ಅಂಗಡಿಯವರಿಗೆ ಹೇಳಿ ತರಿಸಿಕೊಳ್ಳಬೇಕಾಗಬಹುದು. ಆದರೆ 44 ಹಲ್ಲಿನ ಚೈನ್‌ವೀಲ್ ಹಾಗೆಯೇ ಉಳಿದರೆ 22 ಹಾಕಿದರೂ ಅನುಪಾತ 2ಕ್ಕೆ ಇಳಿದು ನಿಲ್ಲುತ್ತದೆ. 28 ಇಂಚಿನ ಗಾಲಿಯಲ್ಲಿ ಅದು ಸುಮಾರು 4.5 ಮೀಟರ್, ಸಿಮೆಂಟಿನ ಅಂಗಳಕ್ಕೆ ಇನ್ನೂ ಭಾರವೇ. ಆದ್ದರಿಂದ ಚೈನ್‌ವೀಲನ್ನೂ 32ರಿಂದ 36 ಹಲ್ಲಿಗೆ ಇಳಿಸಬೇಕು. 36ಕ್ಕೆ 22 ಜೋಡಿಸಿದರೆ 26 ಇಂಚಿನ ಗಾಲಿಯಲ್ಲಿ ಒಂದು ತುಳಿತಕ್ಕೆ 3.3 ಮೀಟರ್ ಆಗುತ್ತದೆ. ಹೊಸಬರು ಇದರಿಂದ ಆರಂಭಿಸಿ, ತಿಂಗಳ ನಂತರ 32ಕ್ಕೆ ಇಳಿದು ವ್ಯತ್ಯಾಸವನ್ನು ಸ್ವತಃ ಅನುಭವಿಸಲಿ.

ಒಂದೇ ಅನುಪಾತವನ್ನು 24ಕ್ಕೆ 16ರಿಂದಲೂ, 36ಕ್ಕೆ 24ರಿಂದಲೂ ಪಡೆಯಬಹುದು, ಎರಡೂ 1.5ರಷ್ಟೇ. ಹಾಗಿದ್ದರೂ ಅವೆರಡೂ ಸಮವಲ್ಲ. ಚೈನ್‌ವೀಲ್ ಚಿಕ್ಕದಾದಷ್ಟೂ ಅದೇ ತುಳಿತಕ್ಕೆ ಚೈನಿನ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ, ಆ ಎಳೆತವನ್ನು ಹಂಚಿಕೊಳ್ಳುವ ಹಲ್ಲುಗಳೂ ಕಡಿಮೆಯಾಗುತ್ತವೆ. ನಿಂತಲ್ಲಿಂದ ಮೇಲೆದ್ದು ಒದ್ದು ತುಳಿಯುವ ಈ ಆಟದಲ್ಲಿ ಚೈನು ಹಿಗ್ಗುವುದೂ ಹಲ್ಲು ಮೊಂಡಾಗುವುದೂ ಅಲ್ಲಿಯೇ. ದೊಡ್ಡ ಹಲ್ಲಿನ ಜೋಡಿ ತುಸು ತೂಕವಾದರೂ ಬಹುಕಾಲ ಬಾಳುತ್ತದೆ, ಆದ್ದರಿಂದ ನಾನು ಅದನ್ನೇ ಮೆಚ್ಚುತ್ತೇನೆ.

ಫ್ರೀವೀಲಿನ ಗುಣಮಟ್ಟದ ಬಗೆಗೆ ಇನ್ನೊಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಫ್ರೀವೀಲಿನೊಳಗಿನ ನಾಲಿಗೆ ಕಚ್ಚಿಕೊಳ್ಳುವ ಮೊದಲು ಪೆಡಲು ಸ್ವಲ್ಪ ದೂರ ಖಾಲಿ ತಿರುಗುತ್ತದೆ. ಫ್ರೀವೀಲ್ ಸುತ್ತಿಗೆ 20 ಸಲ ಟಿಕ್ ಎನ್ನುವಂಥದ್ದಾದರೆ ಅದರ ಖಾಲಿ ತಿರುವು ಹೆಚ್ಚೆಂದರೆ 18 ಡಿಗ್ರಿ. 44ಕ್ಕೆ 18ರ ಗೇರಿನಲ್ಲಿ ಇದು ಪೆಡಲಿನಲ್ಲಿ 7 ಡಿಗ್ರಿಯಷ್ಟೇ ಕಂಡರೆ, 1.5ರ ಅನುಪಾತದಲ್ಲಿ 12 ಡಿಗ್ರಿಯಾಗಿ ಕಾಲಿಗೆ ತಿಳಿಯುತ್ತದೆ. ಗೇರು ಹಗುರವಾದಂತೆ ಈ ಸಡಿಲ ಹೆಚ್ಚುವುದರಿಂದ, ನಿಂತಲ್ಲೇ ಸಮತೋಲನ ಕಾಯುತ್ತ ಪೆಡಲನ್ನು ಹಿಂದೆ ಮುಂದೆ ಆಡಿಸುವವರಿಗೆ ಹೆಚ್ಚು ಟಿಕ್ ಇರುವ ಫ್ರೀವೀಲ್ ಬಹಳ ಮುಖ್ಯ. ಕೊಳ್ಳುವ ಮುನ್ನ ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ ಎಣಿಸಿ. ಕೂಡಿಸುವಾಗ ಹಬ್ಬಿನ (ಗಾಲಿಯ ನಡುಭಾಗದ) ತಿರುಪಿನ ಗೆರೆಗಳಿಗೆ ಗ್ರೀಸ್ ಹಚ್ಚುವುದನ್ನು ಮರೆಯಬೇಡಿ. ತುಳಿದಂತೆಲ್ಲ ಫ್ರೀವೀಲ್ ಬಿಗಿಯಾಗುತ್ತಲೇ ಹೋಗುವುದರಿಂದ, ಗ್ರೀಸ್ ಇಲ್ಲದ್ದನ್ನು ವರ್ಷದ ನಂತರ ಬಿಚ್ಚುವುದು ದೊಡ್ಡ ಕಷ್ಟ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುವ ಪದ್ಧತಿಗೆ ಅವಕಾಶ ಕೊಡದೆ, ಅದಕ್ಕೆಂದೇ ಇರುವ ಪಾನಾ ಬಳಸುವ ಅಂಗಡಿಗೆ ಒಯ್ಯಿರಿ.

ಹಲ್ಲು ಬದಲಿಸಿದರೆ ಚೈನಿನ ಉದ್ದವೂ ಬದಲಾಗಬೇಕು. ಮುಂದೆ ಹಿಂದೆ ಸೇರಿ ಒಟ್ಟು ಒಂದು ಹಲ್ಲು ಕಡಿಮೆಯಾದರೆ ಹಿಂದಿನ ಗಾಲಿ ಸುಮಾರು 3 ಮಿಲಿಮೀಟರ್ ಹಿಂದಕ್ಕೆ ಸರಿಯಬೇಕಾಗುತ್ತದೆ. ನಾಲ್ಕು ಹಲ್ಲು ಕಡಿಮೆಯಾದರೆ ಸುಮಾರು 13 ಮಿಲಿಮೀಟರ್. ಆಗ ಚೈನಿನಿಂದ ಒಂದು ಅಗಲ, ಒಂದು ಕಿರಿದು ಸೇರಿದ ಒಂದು ಜೋಡಿ ಕೊಂಡಿ ತೆಗೆದರೆ ಗಾಲಿ ತನ್ನ ಹಳೆಯ ಜಾಗದಲ್ಲೇ ನಿಲ್ಲುತ್ತದೆ. ಚೈನಿನ ನಡುವನ್ನು ಬೆರಳಿನಿಂದ ಒತ್ತಿದಾಗ ಒಂದು ಸೆಂಟಿಮೀಟರಿನಷ್ಟು ಆಡಬೇಕು. ಚೈನ್‌ವೀಲ್ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಪೆಡಲನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಅತಿ ಬಿಗಿಯಾಗುವ ಜಾಗದಲ್ಲಿ ಈ ಪರೀಕ್ಷೆ ಮಾಡಿ.

ಲೆಕ್ಕ ಮುಗಿದ ಮೇಲೆ ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿ ನೋಡಬೇಕು. ಒಂದು ಗೆರೆಯಿಂದ 10 ಮೀಟರ್ ದೂರಕ್ಕೆ ಇನ್ನೊಂದು ಗೆರೆ ಎಳೆಯಿರಿ. ಮೊದಲ ಗೆರೆಯ ಮೇಲೆ ಕಾಲೂರದೆ ನಿಂತು, ಗೆಳೆಯರು ಕೂಗಿದಾಗ ಹೊರಟು, ಎರಡನೆಯ ಗೆರೆ ದಾಟಿ, ತಿರುಗಿ ಮೊದಲ ಗೆರೆಗೆ ಮರಳುವ ಸಮಯವನ್ನು ಮೊಬೈಲಿನಲ್ಲಿ ಐದು ಸಲ ಬರೆದಿಟ್ಟುಕೊಳ್ಳಿ. ಬೇರೆ ಫ್ರೀವೀಲ್ ಹಾಕಿ ಮರುದಿನ ಅದನ್ನೇ ಮಾಡಿ. ಒಂದೇ ದಿನ ಎರಡನ್ನೂ ಮಾಡಿದರೆ ದಣಿದ ಕಾಲು ಎರಡನೆಯದಕ್ಕೆ ಅನ್ಯಾಯ ಮಾಡುತ್ತದೆ. ಹಗುರ ಗೇರಿನಲ್ಲಿ ಓಡುವಾಗ ಸೀಟಿನ ಮೇಲೆ ಮೈ ಕುಪ್ಪಳಿಸತೊಡಗಿದರೆ ಗೇರು ನಿಮಗೆ ತೀರ ಹಗುರವಾಯಿತೆಂದೂ, ಹೊರಡುವಾಗ ಹ್ಯಾಂಡಲ್ ಎಳೆದು ಎದ್ದು ನಿಲ್ಲಲೇಬೇಕಾದರೆ ಭಾರವಾಯಿತೆಂದೂ ತಿಳಿಯಬೇಕು.

ಬ್ರೇಕು ಎಡಗೈಗೆ

ಗೇರಿನಷ್ಟೇ ಮಹತ್ವದ್ದು ಬ್ರೇಕು. ಬಲಗೈಯಲ್ಲಿ ಪೋಲೊ ಕೋಲು ಇರುತ್ತದೆ. ಹ್ಯಾಂಡಲನ್ನೂ ಬ್ರೇಕನ್ನೂ ಎಡಗೈ ಒಂದೇ ನೋಡಿಕೊಳ್ಳಬೇಕು. ನಮ್ಮಲ್ಲಿ ಮಾರುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕು ಬಲಗೈಗಿರುತ್ತದೆ. ಮೊದಲ ವಾರ ನಾನು ಅದನ್ನು ಬದಲಿಸದೆ ಆಡಿದೆ. ಕೋಲು ಹಿಡಿದ ಕೈಯ ಎರಡು ಬೆರಳಿನಿಂದ ಬ್ರೇಕು ಒತ್ತಲು ಹೋಗಿ, ಒತ್ತಲಾಗದೆ ಬಾಸ್ಕೆಟ್‌ಬಾಲ್ ಕಂಬಕ್ಕೆ ಬಡಿದು, ಮಣಿಕಟ್ಟಿಗೆ ಮೂರು ವಾರ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು. ನನ್ನ ಬಳಿ ಕಲಿಯಲು ಬರುವ ಮಕ್ಕಳ ಸೈಕಲ್ಲಿನಲ್ಲಿ ಈ ಬದಲಾವಣೆಯಾಗುವವರೆಗೆ ಅವರ ಕೈಗೆ ಕೋಲು ಕೊಡುವುದಿಲ್ಲ. ಎಡಗೈಯಲ್ಲಿ ಕೋಲು ಹಿಡಿಯುವವರು ಇದನ್ನೆಲ್ಲ ತಿರುವುಮುರುವಾಗಿ ಮಾಡಿಕೊಳ್ಳಲಿ.

ಒಂದೇ ಬ್ರೇಕು ಇಡುವುದಾದರೆ ಅದು ಮುಂದಿನದಾಗಿರಲಿ, ಏಕೆಂದರೆ ನಿಲ್ಲಿಸುವಾಗ ದೇಹದ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇರುತ್ತದೆ. ಆದರೆ ಹೊಸಬರು ಗಾಬರಿಯಲ್ಲಿ ಪೂರ್ತಿ ಒತ್ತಿದರೆ ಸೈಕಲ್ ಮುಗ್ಗರಿಸುತ್ತದೆ. ಅವರು ಕೋಲಿಲ್ಲದೆ, ಮೈಯನ್ನು ಸೀಟಿನ ಹಿಂದಕ್ಕೆ ಸರಿಸುತ್ತ ಸ್ವಲ್ಪ ಸ್ವಲ್ಪವೇ ಒತ್ತುವ ಅಭ್ಯಾಸವನ್ನು ಕೆಲವು ದಿನ ಮಾಡಬೇಕು. ಒಂದೇ ಲಿವರಿನಿಂದ ಎರಡು ವೈರುಗಳನ್ನು ಎಳೆಯುವ ಬಗೆಯ ಲಿವರ್ ಸಿಕ್ಕರೆ ಎರಡೂ ಗಾಲಿಗಳನ್ನು ಎಡಗೈಯಿಂದಲೇ ಹಿಡಿಯಬಹುದು. ಹಾಗೆ ಕೂಡಿಸುವಾಗ ಮುಂದಿನ ವೈರನ್ನು ತುಸು ಸಡಿಲವಾಗಿಟ್ಟು ಹಿಂದಿನ ಬ್ರೇಕು ಕೂದಲೆಳೆಯಷ್ಟು ಮೊದಲು ಹಿಡಿಯುವಂತೆ ಮಾಡಿದರೆ ಸೈಕಲ್ ಹತೋಟಿಯಲ್ಲಿರುತ್ತದೆ. ಕರಿ ಸೈಕಲ್ಲಿನ, ವೈರಿನ ಬದಲು ಕಬ್ಬಿಣದ ಕಡ್ಡಿಗಳಿಂದ ಎಳೆಯುವ ಕಡ್ಡಿ ಬ್ರೇಕು ಈ ಕೆಲಸಕ್ಕೆ ಸಾಲದು. ವಿ-ಬ್ರೇಕು (ಎರಡು ಉದ್ದ ತೋಳುಗಳಿಂದ ರಿಮ್ಮನ್ನು ಹಿಡಿಯುವ ಬ್ರೇಕು) ಹಾಕುವಾಗ ಅದರದೇ ಲಿವರನ್ನು ಹಾಕಿ, ಹಳೆಯ ಕ್ಯಾಲಿಪರ್ (ಕಮಾನಿನಾಕಾರದ ಇಕ್ಕಳ) ಬ್ರೇಕಿನ ಲಿವರ್ ಅದಕ್ಕೆ ಬೇಕಾದಷ್ಟು ವೈರನ್ನು ಎಳೆಯುವುದಿಲ್ಲ. ಉಕ್ಕಿನ ರಿಮ್ಮಿಗಿಂತ ಅಲ್ಯೂಮಿನಿಯಮ್ ರಿಮ್ಮಿನ ಮೇಲೆ ಬ್ರೇಕು ಬಹಳ ಚೆನ್ನಾಗಿ ಹಿಡಿಯುತ್ತದೆ, ಅದರಲ್ಲೂ ತೇವವಿದ್ದಾಗ.

ಫ್ರೇಮು, ಸೀಟು, ಹ್ಯಾಂಡಲ್

ಜನ ರೇಂಜರ್ ಎಂದೇ ಕರೆಯುವ, ಸಸ್ಪೆನ್ಶನ್ ಇಲ್ಲದ 26 ಇಂಚಿನ ಹಳೆಯ ಸೈಕಲ್ ನಮ್ಮಲ್ಲಿ ಆರಂಭಕ್ಕೆ ಅತ್ಯುತ್ತಮ. ಕರಿ ಸೈಕಲ್ಲಿನ ಎರಡು ಗಾಲಿಗಳ ನಡುವಿನ ಅಂತರ ಹೆಚ್ಚು, ಮುಂದಿನ ಫೋರ್ಕು ಓರೆ. ಅದು ಡಾಂಬರು ಕಿತ್ತ ರಸ್ತೆಯಲ್ಲಿ ಸುಖವಾಗಿ ಹೋಗುವುದೂ ಗಿಡ್ಡ ಜಾಗದಲ್ಲಿ ತಿರುಗದಿರುವುದೂ ಒಂದೇ ಕಾರಣದಿಂದ. ಫ್ರೇಮ್ ಆರಿಸುವಾಗ ಹಿಂದಿನ ಆಕ್ಸಲ್ ಕೂರುವ ಸೀಳು ಉದ್ದವಾಗಿ ಅಡ್ಡಕ್ಕಿರಬೇಕು, ಇಲ್ಲವಾದರೆ ಚೈನು ಬಿಗಿ ಮಾಡಲು ದಾರಿ ಇರುವುದಿಲ್ಲ. ಸೀಟಿನ ಮೇಲೆ ಕುಳಿತು ಪೆಡಲನ್ನು ಮುಂದಕ್ಕೆ ಚಾಚಿ, ಹ್ಯಾಂಡಲ್ ತಿರುಗಿಸಿ, ಬೂಟಿನ ತುದಿ ಮುಂದಿನ ಟೈರಿಗೆ ತಾಗುತ್ತದೆಯೇ ಎಂದೂ ನೋಡಿ. ತಾಗುವ ಸೈಕಲ್ ತಿರುವಿನಲ್ಲಿ ನಿಮ್ಮನ್ನು ಕೆಡವುತ್ತದೆ.

ಸೀಟನ್ನು ರಸ್ತೆಯ ಓಟಕ್ಕೆ ಇಡುವುದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿಳಿಸಿ. ಬಗ್ಗಿ ಚೆಂಡು ಹೊಡೆಯುವಾಗ ಸಮತೋಲನ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಇಳಿಸಿದರೆ ಮೊಣಕಾಲು ನೋಯುತ್ತದೆ. ಹ್ಯಾಂಡಲ್ ನೇರವಾಗಿ 55 ಸೆಂಟಿಮೀಟರಿನ ಆಸುಪಾಸಿನಲ್ಲಿರಲಿ, ತುದಿಗಳಿಗೆ ಗಟ್ಟಿಯಾದ ಮುಚ್ಚಳ ಇರಲೇಬೇಕು. ಮುಚ್ಚಳವಿಲ್ಲದ ಕೊಳವೆ ಬಿದ್ದವರ ಹೊಟ್ಟೆಗೆ ನಾಟುವ ಅಪಾಯವಿರುವುದರಿಂದ ಈ ವಿಷಯದಲ್ಲಿ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡು, ಗಂಟೆ, ಬೀಗ ಎಲ್ಲವನ್ನೂ ಬಿಚ್ಚಿಡಿ. ಪೆಡಲು ಚಪ್ಪಟೆಯದಾಗಿದ್ದು ಕಾಲನ್ನು ತಕ್ಷಣ ಬಿಡುವಂತಿರಬೇಕು.

ಗಾಲಿ ಮತ್ತು ಮುಳ್ಳು

ಚೆಂಡು, ಕೋಲು, ಎದುರಾಳಿಯ ಪೆಡಲು, ಎಲ್ಲವೂ ಕಡ್ಡಿಗಳ ನಡುವೆ ತೂರುತ್ತವೆ. ಇದಕ್ಕೆ ಹೊರದೇಶದ ಆಟಗಾರರು ಅಲೆಅಲೆಯಾದ ಪ್ಲಾಸ್ಟಿಕ್ ಹಾಳೆಯನ್ನು ದುಂಡಗೆ ಕತ್ತರಿಸಿ ಗಾಲಿಗೆ ಕಟ್ಟುತ್ತಾರೆ. ನಮ್ಮಲ್ಲಿ ಜಾಹೀರಾತು ಫಲಕಗಳಿಗೆ ಬಳಸುವ ಸನ್‌ಪ್ಯಾಕ್ ಶೀಟು ಅದೇ ವಸ್ತು, ಬಳಸಿ ಬಿಸಾಡಿದ ಫಲಕವನ್ನು ಕೇಳಿ ಪಡೆದು ಕತ್ತರಿಸಿಕೊಳ್ಳಬಹುದು. ರಿಮ್ಮಿಗಿಂತ ಒಂದು ಬೆರಳು ಕಡಿಮೆ ಅಳತೆಗೆ ಕತ್ತರಿಸಿ, ಹಬ್ಬಿನ ಜಾಗಕ್ಕೆ ತೂತು ಮಾಡಿ, ವಾಲ್ವಿನ ಬಳಿ ಪಂಪು ಹಿಡಿಸುವಷ್ಟು ಕಿಟಕಿ ಬಿಟ್ಟು, ಪ್ಲಾಸ್ಟಿಕ್ ಟೈಗಳಿಂದ ಕಡ್ಡಿಗೆ ಕಟ್ಟಿ. ಗಾಳಿ ಜೋರಾಗಿರುವ ಆಷಾಢದಲ್ಲಿ ಮುಂದಿನ ಗಾಲಿಯ ಹಾಳೆ ಹ್ಯಾಂಡಲನ್ನು ಎಳೆಯುತ್ತದೆ, ಆ ದಿನಗಳಲ್ಲಿ ಅದನ್ನು ಬಿಚ್ಚಬೇಕಾಗಬಹುದು. ಕಟ್ಟುವ ಮೊದಲು ಎಲ್ಲ ಕಡ್ಡಿಗಳನ್ನೂ ಬಿಗಿ ಮಾಡಿಸಿ ಗಾಲಿಯ ಬೆಂಡ್ ತೆಗೆಸಿಕೊಳ್ಳಿ, ಏಕೆಂದರೆ ಹಾಳೆಯ ಒಳಗೆ ಸಡಿಲವಾದ ಕಡ್ಡಿ ಕಣ್ಣಿಗೆ ಬೀಳುವುದಿಲ್ಲ.

ಟೈರು ನುಣುಪಾಗಿ, 1.5ರಿಂದ 1.75 ಇಂಚು ಅಗಲವಿದ್ದರೆ ಸಿಮೆಂಟಿನ ಮೇಲೆ ಚೆನ್ನಾಗಿ ಕಚ್ಚುತ್ತದೆ. 45ರಿಂದ 50 ಪೌಂಡ್ ಗಾಳಿ ಸಾಕು, ಟೈರಿನ ಮಗ್ಗುಲಲ್ಲಿ ಬರೆದ ಮಿತಿಯನ್ನು ಮಾತ್ರ ಮೀರಬಾರದು. ನಮ್ಮ ಸೀಮೆಯ ನಿಜವಾದ ಶತ್ರು ಮುಳ್ಳು. ಅಂಗಳದ ಸುತ್ತ ಜಾಲಿ ಇದ್ದರೆ ಅದರ ಒಣಮುಳ್ಳು ಗಾಳಿಗೆ ಒಳಗೆ ಬರುತ್ತದೆ, ಮೈದಾನದ ಅಂಚಿನ ನೆಗ್ಗಿಲ ಮುಳ್ಳು ಚಪ್ಪಲಿಗೆ ಚುಚ್ಚಿಕೊಂಡು ಬರುತ್ತದೆ. ಹಳೆಯ ದಪ್ಪ ಟ್ಯೂಬನ್ನು ಒಳಸುತ್ತಿನಲ್ಲಿ ಉದ್ದಕ್ಕೆ ಸೀಳಿ, ಟೈರಿನ ಒಳಮೈಗೆ ಹೊದಿಸಿ, ಅದರ ಮೇಲೆ ಹೊಸ ಟ್ಯೂಬು ಹಾಕುವ ಹಳ್ಳಿಯ ಉಪಾಯ ಇಲ್ಲಿಯೂ ನಡೆಯುತ್ತದೆ. ಆಟಕ್ಕೆ ಮೊದಲು ಅಂಗಳ ಗುಡಿಸುವುದಂತೂ ಬೇಕೇ ಬೇಕು.

ಕೋಲಿನ ಉದ್ದವನ್ನು ಸೀಟಿನ ಎತ್ತರ ಗೊತ್ತಾದ ಮೇಲೆಯೇ ಕತ್ತರಿಸಿ. ಸೀಟಿನ ಮೇಲೆ ಕುಳಿತು, ಬೆನ್ನನ್ನು ಆಟದಲ್ಲಿ ಬಗ್ಗುವಷ್ಟೇ ಬಗ್ಗಿಸಿ, ಕೈಯನ್ನು ಇಳಿಬಿಟ್ಟಾಗ ಕೋಲಿನ ತಲೆ ಮುಂದಿನ ಆಕ್ಸಲಿನ ಪಕ್ಕದಲ್ಲಿ ನೆಲಕ್ಕೆ ಚಪ್ಪಟೆಯಾಗಿ ಕೂರಬೇಕು. ತಲೆಗೆ ತೋಟದ ನೀರಾವರಿಗೆ ಬಳಸುವ 63 ಮಿಲಿಮೀಟರ್ ಎಚ್‌ಡಿಪಿಇ ಪೈಪಿನ 12 ಸೆಂಟಿಮೀಟರ್ ತುಂಡು ಸರಿಹೋಗುತ್ತದೆ. ಬಿಳಿ ಪಿವಿಸಿ ಪೈಪು ಪೆಟ್ಟಿಗೆ ಸೀಳಿ ಚೂಪಾಗುವುದರಿಂದ ಅದು ಬೇಡ. ಮೊದಲ ಸಲ ಕತ್ತರಿಸುವಾಗ ಕೋಲನ್ನು ಮೂರು ಬೆರಳು ಉದ್ದವೇ ಬಿಟ್ಟು, ಎರಡು ಸಂಜೆ ಆಡಿದ ನಂತರ ಮತ್ತೆ ಅಳೆದು ಉಳಿದದ್ದನ್ನು ಕತ್ತರಿಸಿ.